ಬೆಳಕಿಂಡಿಯ ಮೇಲಿನ ಗಡಿಗೆ

೧೯೯೭ರಲ್ಲಿ ಗದಗ ಧಾರವಾಡದಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾದಾಗ ನನಗೆ ನಲವತ್ತೊಂದು ವರ್ಷ. ಹಳ್ಳಿಯ ಮನೆಗಳಿಗೆ ಹೊಗೆಯಿಲ್ಲದ ಕಟ್ಟಿಗೆ ಒಲೆ ಹಾಕಿಸುವ ಯೋಜನೆಯಲ್ಲಿ ನಾನು ಮೇಲ್ವಿಚಾರಕ. ಶಿರಹಟ್ಟಿ ಮತ್ತು ಮುಂಡರಗಿ ತಾಲೂಕುಗಳು ನನ್ನ ಪಾಲಿಗೆ ಬಂದವು. ಹೊಸ ಜಿಲ್ಲೆ ಎಂದರೆ ಬೋರ್ಡು ಮೊದಲು, ಕುರ್ಚಿ ಆಮೇಲೆ. ಬೆಟಗೇರಿಯ ಬಾಡಿಗೆ ಕೋಣೆಯೊಂದರಲ್ಲಿ ನಾಲ್ಕು ಜನಕ್ಕೆ ಎರಡು ಮೇಜು ಹಾಕಿದ್ದರು. ನಾನು ಬಸ್ಸಿನಲ್ಲೇ ಹೆಚ್ಚು ಹೊತ್ತು ಕಳೆಯುವವನಾದ್ದರಿಂದ ಆ ಕಷ್ಟ ನನ್ನನ್ನು ಅಷ್ಟಾಗಿ ತಟ್ಟಲಿಲ್ಲ.

ಒಲೆಯ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಣ್ಣಿನಿಂದ ಕಟ್ಟುವ ಮುಚ್ಚಿದ ಒಲೆ ಅದು. ಮೇಲೆ ಎರಡು ಪಾತ್ರೆ ಕೂರುತ್ತವೆ, ಹೊಗೆ ಹಿಂದಿನಿಂದ ನಾಲ್ಕು ಇಂಚಿನ ಸಿಮೆಂಟ್ ಕೊಳವೆಗೆ ಸೇರಿ ಮಾಳಿಗೆಯ ಚಾವಣಿ ದಾಟಿ ಹೋಗುತ್ತದೆ. ಕೊಳವೆ ತೊಲೆ, ಜಂತಿಗಳಿಂದ ಅರ್ಧ ಗೇಣು ದೂರವಿರಬೇಕು, ಏಕೆಂದರೆ ಒಣಗಿದ ಜಂತಿ ದಿನಾ ಕಾದು ಕಾದು ಒಂದು ದಿನ ತಾನೇ ಹೊತ್ತಿಕೊಳ್ಳುತ್ತದೆ. ಮಾಳಿಗೆಯಿಂದ ಎರಡು ಅಡಿ ಮೇಲಕ್ಕೆ ನಿಲ್ಲಬೇಕು. ತುದಿಗೆ ತಗಡಿನ ಟೊಪ್ಪಿಗೆ ಇರಬೇಕು. ಮಳೆ ಒಳಗೆ ಬರುವುದಿಲ್ಲ, ಹೊಗೆ ಪಕ್ಕದಿಂದ ಹೊರಗೆ ಹೋಗುತ್ತದೆ. ಇಷ್ಟನ್ನು ನಾನು ಊರೂರಿನ ಕಟ್ಟೆಗಳ ಮೇಲೆ ನಿಂತು ಗಿಳಿಯಂತೆ ಹೇಳುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನಗೂ ಅನ್ವಯಿಸುತ್ತದೆಂದು ಆಗ ಗೊತ್ತಿರಲಿಲ್ಲ.

ಮರುವರ್ಷದ ಬೇಸಿಗೆ. ಲಕ್ಷ್ಮೇಶ್ವರದಿಂದ ಎಂಟು ಕಿಲೋಮೀಟರ್ ದೂರದ ಒಂದು ಹಳ್ಳಿ; ಊರಿನ ಹೆಸರು ಬೇಡ. ಅಲ್ಲಿ ಮಾಬೂಬಿ ಎಂಬ ನದಾಫರ ಮನೆಯ ಹಿರಿಯ ಹೆಂಗಸು ತಾವಾಗಿಯೇ ನನ್ನನ್ನು ಕರೆಸಿಕೊಂಡರು. ನದಾಫರೆಂದರೆ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಪಡಸಾಲೆ ತುಂಬ ಹತ್ತಿ, ಅದರ ಹಿಂದೆಯೇ ಅಡುಗೆಮನೆಯಲ್ಲಿ ಬಯಲು ಒಲೆ. ನಲವತ್ತು ವರ್ಷ ಆ ಹೆಂಗಸು ಒಂದು ಕಣ್ಣು ರೊಟ್ಟಿಯ ಮೇಲೆ, ಒಂದು ಕಣ್ಣು ಕಿಡಿಯ ಮೇಲೆ ಇಟ್ಟು ಬಾಳಿದ್ದರು.

"ಮಗಳು ಬಾಣಂತನಕ್ಕ ಬರಾಕತ್ತಾಳ್ರಿ ಸಾಹೇಬ್ರ," ಎಂದರು. "ಕೂಸಿನ ಕಣ್ಣಿಗೆ ಹೊಗಿ ಬ್ಯಾಡ, ಹತ್ತಿಗೆ ಕಿಡಿ ಬ್ಯಾಡ. ನಿಮ್ಮ ಒಲಿ ಎರಡೂ ಕಾಯತೈತಿ ಅಂತಲ್ಲ, ಖರೇನ?"

"ಖರೇನ್ರಿ ಯವ್ವಾ," ಎಂದೆ ನಾನು.

ಒಲೆ ಕಟ್ಟುವ ನನ್ನ ಗೌಂಡಿ ಶಿವಪ್ಪ ಮಾಳಿಗೆ ಹತ್ತಿ ನೋಡಿ ತಲೆ ಕೆರೆದುಕೊಂಡ. ಹಳೆಯ ಮಣ್ಣಿನ ಮಾಳಿಗೆ, ಜಂತಿಗಳು ಒತ್ತೊತ್ತಾಗಿ ಕೂತಿದ್ದವು. ಹೊಸದಾಗಿ ತೂತು ಹೊಡೆದರೆ ಒಂದು ಜಂತಿಯನ್ನಾದರೂ ಕತ್ತರಿಸಬೇಕು. ಆದರೆ ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿ ಇತ್ತು. ನಮ್ಮ ಕಡೆಯ ಹಳೆ ಮನೆಗಳಲ್ಲಿ ಕಿಟಕಿ ಕಡಿಮೆ. ಬೆಳಕು ಬರಲು, ಹೊಗೆ ಹೋಗಲು ಮಾಳಿಗೆಯಲ್ಲಿ ಬಿಟ್ಟ ಒಂದೂವರೆ ಅಡಿಯ ಕಿಂಡಿ ಅದು. ಅದರೊಳಗಿಂದಲೇ ಕೊಳವೆ ಏರಿಸಿ ಸುತ್ತಲಿನ ಸಂದಿಗೆ ಹಸಿಮಣ್ಣು ಮೆತ್ತಿಬಿಡೋಣ ಎಂದ ಶಿವಪ್ಪ. ಟೇಪು ಹಿಡಿದು ಅಳೆದೆ. ಜಂತಿಯಿಂದ ಕೊಳವೆಗೆ ಅರ್ಧ ಗೇಣಲ್ಲ, ಅದರ ಮೇಲೆ ಎರಡು ಬೆರಳು ಜಾಗ ಸಿಕ್ಕಿತು. ಇಂಥ ಉಪಾಯ ಮೊದಲೇ ಏಕೆ ಹೊಳೆಯಲಿಲ್ಲವೆಂದು ಶಿವಪ್ಪನ ಬೆನ್ನು ತಟ್ಟಿದೆ. ಮುಂದೆ ಎರಡು ವಾರದಲ್ಲಿ ಇನ್ನೂ ಹದಿನಾರು ಮನೆಗಳಲ್ಲಿ ಹಾಗೆಯೇ ಮಾಡಿದೆವು.

ಟೊಪ್ಪಿಗೆ ಮಾತ್ರ ಕಚೇರಿಯಿಂದ ಇನ್ನೂ ಬಂದಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡು ಜನ ನಗುತ್ತಾರೆ. ನಮ್ಮಲ್ಲಿ ಕೂಸು ಹುಟ್ಟಿ ನಿಂತಿದ್ದರೂ ಕುಲಾವಿ ಬಂದಿರಲಿಲ್ಲ. ಟೊಪ್ಪಿಗೆಯಿಲ್ಲದ ಒಲೆ ಅರ್ಧ ಒಲೆ ಎಂದು ನಿಯಮವಿತ್ತು. ನಾನು ಪುಸ್ತಕದಲ್ಲಿ "ಪೂರ್ಣ" ಎಂದು ಬರೆದು ಸಹಿ ಹಾಕಿದೆ. ಹೊರಡುವಾಗ ಮಾಬೂಬಿ ಮಾಳಿಗೆಯ ಕಡೆ ನೋಡಿ ಕೇಳಿದರು:

"ಮಳಿ ಬಂದ್ರ ಹೆಂಗ್ರಿ?"

"ಮಳಿಗಾಲ ಇನ್ನೂ ದೂರ ಐತ್ರಿ ಯವ್ವಾ. ಅಷ್ಟರಾಗ ಟೊಪ್ಪಿಗಿ ತಂದು ಕುಂಡ್ರಸ್ತೀನಿ."

ಬಸ್ಸು ಹೋಗಿಬಿಡುತ್ತದೆಂಬ ಅವಸರದಲ್ಲಿ ಅಷ್ಟು ಹೇಳಿ ಓಡಿದೆ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಕೊಟ್ಟದ್ದು ಉತ್ತರವಲ್ಲ.

ಮೂರು ವಾರ ಕಳೆಯಿತು. ಮಗಳು ಶಮಶಾದ ಹೆರಿಗೆಯಾಗಿ ತವರಿಗೆ ಬಂದಿದ್ದಳು. ಗಂಡುಮಗು, ಹನ್ನೆರಡು ದಿನದ್ದು. ನಾನು ಅದೇ ಓಣಿಯ ಇನ್ನೊಂದು ಒಲೆ ನೋಡಲು ಹೋಗಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಕಪ್ಪತಗುಡ್ಡದ ಕಡೆಯಿಂದ ಮೋಡ ಕವಿದು ದಪ್ಪ ಹನಿ ಬೀಳತೊಡಗಿತು. ನದಾಫರ ಮನೆಯ ಎದುರಿನ ಅಂಗಡಿಯ ಕಟ್ಟೆ ಹತ್ತಿ ನಿಂತು ಚಹಾ ಹೇಳಿದೆ.

ಅಲ್ಲಿಂದ ನೋಡಿದೆ. ಮಾಬೂಬಿ ತಲೆಯ ಮೇಲೆ ಗೋಣಿಚೀಲ ಹೊದ್ದು, ಕಂಕುಳಲ್ಲಿ ಹಳೆಯ ಗಡಿಗೆ ಹಿಡಿದು ನಿಚ್ಚಣಿಕೆ ಏರಿದರು. ಇಳಿಯುವಾಗ ಗಡಿಗೆ ಇರಲಿಲ್ಲ. ನನ್ನನ್ನು ಕಂಡು ಕೈ ಎತ್ತಿದರು, ನಾನೂ ಕೈ ಎತ್ತಿದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಚಹಾ ಕುಡಿದೆ.

ಅದರಲ್ಲಿ ನನಗೆ ಏನೂ ವಿಶೇಷ ಕಾಣಲಿಲ್ಲ. ಮಳೆ ಬಂದರೆ ಮಾಳಿಗೆ ಹತ್ತಿ ಬೆಳಕಿಂಡಿಗೆ ಗಡಿಗೆ ಬೋರಲು ಹಾಕುವುದು ನಮ್ಮ ಸೀಮೆಯಲ್ಲಿ ಉಸಿರಾಡುವಷ್ಟು ಸಹಜ. ಬೆಟಗೇರಿಯ ನಮ್ಮ ಮನೆಯಲ್ಲಿ ಮದುವೆಯಾಗುವ ತನಕ ಅದು ನನ್ನದೇ ಕೆಲಸವಾಗಿತ್ತು. ನದಾಫರ ಮನೆಯಲ್ಲಿ ಈಗ ಬೆಳಕಿಂಡಿಯೇ ಇಲ್ಲ, ಅದನ್ನು ಮುಚ್ಚಿ ಅಲ್ಲಿ ಕೊಳವೆ ನಿಲ್ಲಿಸಿದವನು ನಾನೇ ಎಂಬುದು ಆ ಗಳಿಗೆಯಲ್ಲಿ ತಲೆಗೆ ಬರಲೇ ಇಲ್ಲ. ಕಣ್ಣು ನೋಡಿತು, ನಾನು ನೋಡಲಿಲ್ಲ.

ಒಳಗೆ ಆದದ್ದು ಆಮೇಲೆ ತಿಳಿಯಿತು. ಬಾಣಂತಿಗೆ ಎರೆದು ಮುಗಿದಿತ್ತು. ಒಲೆಯಲ್ಲಿ ಉರಿ ಆರಿ ನಿಗಿನಿಗಿ ಕೆಂಡ ಉಳಿದಿತ್ತು. ಹೊಗೆಯಿಲ್ಲದ ಒಲೆ, ಬೆಚ್ಚಗಿರುತ್ತದೆ ಎಂದು ತಾಯಿ, ಮಗು ಇಬ್ಬರ ಹಾಸಿಗೆಯನ್ನು ಅಡುಗೆಮನೆಯಲ್ಲೇ ಹಾಕಿದ್ದರು. ಬಾಣಂತಿಗೆ ಥಂಡಿಗಾಳಿ ತಾಗಬಾರದೆಂದು ಅಲ್ಲಿಯ ಬಾಗಿಲನ್ನೂ ಮುಚ್ಚಿದ್ದರು. ಮೇಲೆ ಕೊಳವೆಯ ಬಾಯಿಗೆ ಗಡಿಗೆ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ಹೊಗೆ ಕೆಟ್ಟದ್ದು ಎಂದು ಊರೂರಿಗೆ ಕಲಿಸಿದ್ದೆ. ಹೊಗೆ ಕಾಣದ ಕೆಂಡವೂ ಕೊಲ್ಲುತ್ತದೆ ಎಂದು ಒಬ್ಬರಿಗೂ ಹೇಳಿರಲಿಲ್ಲ.

ಮುಕ್ಕಾಲು ಗಂಟೆಯ ನಂತರ ಕೂಗು ಕೇಳಿತು. ಪಡಸಾಲೆಯಲ್ಲಿದ್ದ ಮಾಬೂಬಿ ಮಗಳಿಗೆ ಗಂಜಿ ಕೊಡಲು ಬಾಗಿಲು ತೆಗೆದಿದ್ದರು. ನಾನು ಓಡಿ ಒಳಹೊಕ್ಕಾಗ ಶಮಶಾದ ಗೋಡೆಗೆ ಒರಗಿ ವಾಂತಿ ಮಾಡಿಕೊಂಡು ಕಣ್ಣು ತೇಲಿಸಿದ್ದಳು. ಮಗು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಓಣಿಯವರಾರೋ "ಗಾಳಿ ಸೋಕೇತಿ, ಮೊದಲ ಲೋಬಾನದ ಹೊಗಿ ಹಾಕ್ರಿ" ಎನ್ನುತ್ತಿದ್ದರು. ತಲೆಯೆತ್ತಿ ಕೊಳವೆ ನೋಡಿದೆ, ಕಟ್ಟೆಯ ಮೇಲಿಂದ ಕಂಡದ್ದು ಆಗ ಅರ್ಥವಾಯಿತು.

"ಹೊರಗ ಒಯ್ಯಿರಿ," ಎಂದೆ. "ಮಳ್ಯಾಗಾದ್ರೂ ಸೈ, ಹೊರಗ."

ಮಾಬೂಬಿಯ ಮಗ ಇಮಾಮಸಾಬ ತಂಗಿಯನ್ನು ಎತ್ತಿದ, ನಾನು ಮಗುವನ್ನು ಎತ್ತಿದೆ. ಹನ್ನೆರಡು ದಿನದ ಕೂಸನ್ನು ಮಳೆಗಾಳಿಗೆ ಒಡ್ಡುತ್ತಾನಲ್ಲ ಎಂದು ಹೆಂಗಸರು ನನಗೆ ಬೈದರು. ಅಂಗಡಿಯವನ ಟ್ರ್ಯಾಕ್ಸ್ ಜೀಪಿನಲ್ಲಿ ಲಕ್ಷ್ಮೇಶ್ವರದ ಆಸ್ಪತ್ರೆಗೆ ಹೋಗುವಾಗ, ಕಿಟಕಿಯ ಗಾಳಿ ತಾಗಿ ಮಗು ಒಮ್ಮೆ ಕುಂಯ್ ಎಂದಿತು. ಅಷ್ಟು ಸಣ್ಣ ದನಿಗೆ ನಾನು ಹಾಗೆ ಅತ್ತದ್ದು ಅದೇ ಮೊದಲು.

ವೈದ್ಯರು ಇಬ್ಬರಿಗೂ ಆಮ್ಲಜನಕ ಹಚ್ಚಿದರು. ಶಮಶಾದ ಸಂಜೆಗೆ ಮಾತಾಡಿದಳು. ಮಗುವನ್ನು ಹುಬ್ಬಳ್ಳಿಗೆ ಒಯ್ಯಬೇಕಾಯಿತು, ಐದನೆಯ ದಿನ ಅದು ಮೊಲೆ ಹಿಡಿಯಿತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ವೈದ್ಯರು.

ಮಗು ಉಳಿಯಿತು. ಆದರೆ ಮನೆ ಒಡೆಯಿತು. ಅಳಿಯ ಮುಂಡರಗಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು, ಕೆಟ್ಟವನಲ್ಲ, ಹೆದರಿದವನು. ಸುದ್ದಿ ಕೇಳಿ ಓಡಿಬಂದು ಮಾಳಿಗೆಯ ಮೇಲಿನ ಗಡಿಗೆಯನ್ನು ಕಂಡವನೇ "ಇನ್ನ ಈ ಮನಿಗೆ ಹೇಣ್ತಿನ್ನ ಕಳಸೂದಿಲ್ಲ, ಅಜ್ಜೀನ ಮೊಮ್ಮಗನ ಉಸುರು ಮುಚ್ಚಿದ್ಲು" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ಹುಬ್ಬಳ್ಳಿಯಿಂದಲೇ ಹೆಂಡತಿ ಮಗುವನ್ನು ಮುಂಡರಗಿಗೆ ಕರೆದೊಯ್ದ. ಆ ಮಾತು ಖರೆ ಎಂದು ಮಾಬೂಬಿ ನಂಬಿಬಿಟ್ಟಿದ್ದರು.

ಕಚೇರಿಗೆ ವರದಿ ಬೇಕಿತ್ತು. ನನ್ನ ಮೇಲಧಿಕಾರಿ ಒಂದೇ ಮಾತಿನಲ್ಲಿ ದಾರಿ ತೋರಿಸಿದರು: "ಬಳಕೆದಾರರ ಅಜಾಗರೂಕತೆ ಅಂತ ಬರೀರಿ. ಆಕೀದು ಹೆಬ್ಬಟ್ಟು ಹಾಕಿಸ್ರಿ. ಫೈಲ್ ಮುಚ್ತೈತಿ." ನಾನು ಹಾಗೆಯೇ ಬರೆದೆ. ಬಚ್ಚಿಡುವುದೇಕೆ, ಬರೆಯುವಾಗ ಸಮಾಧಾನವೇ ಆಯಿತು. ಗಡಿಗೆ ಮುಚ್ಚಿದ್ದು ಅವರೇ ತಾನೆ, ನಾನು ಸುಳ್ಳನ್ನೇನೂ ಬರೆಯುತ್ತಿಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ.

ಆ ಕಾಗದ ಹಿಡಿದು ಅವರ ಮನೆಗೆ ಹೋದೆ. ಶಾಯಿಯ ಡಬ್ಬಿ ಮುಂದಿಟ್ಟೆ. ಮಾಬೂಬಿ ಕಾಗದದ ಕಡೆ ನೋಡಲೂ ಇಲ್ಲ, ಹೆಬ್ಬೆರಳು ಮುಂದೆ ಮಾಡಿದರು.

"ಏನ್ ಬರದೈತಿ ಅಂತ ಕೇಳೂದಿಲ್ಲೇನ್ರಿ ಯವ್ವಾ?"

"ಏನ್ ಕೇಳೂದ್ರಿ. ನೀವು ಬರ್ದೀರಿ ಅಂದ್ರ ಖರೇನ ಇರ್ತೈತಿ. ಮಾಡಿದಾಕಿ ನಾನ ಅದೀನಲ್ಲ."

ನನ್ನಿಂದ ಆಗಲಿಲ್ಲ. ಶಾಯಿ ಡಬ್ಬಿಯ ಮುಚ್ಚಳ ಹಾಕಿದೆ. "ನೀವು ಗಡಿಗಿ ಒಯ್ದಿದ್ದು ನಾ ನೋಡಿದ್ನಿ," ಎಂದೆ. "ಎದುರಿನ ಕಟ್ಟಿ ಮ್ಯಾಲ ನಿಂತು ನೋಡಿದ್ನಿ. ಒಂದು ಮಾತು ಕೂಗಿ ಹೇಳಿದ್ರ ಇದಾಗ್ತಿರಲಿಲ್ಲ."

ಬೈಯುತ್ತಾರೆ ಎಂದುಕೊಂಡೆ. ಕೇಳಿದ್ದು ಬೇರೆ:

"ಮತ್ಯಾಕ ಕೂಗಲಿಲ್ರಿ? ನಿಮಗೂ ಅದು ಮುಚ್ಚೂದ ಸರಿ ಅನಸ್ತೇನು?"

"ಹೌದ್ರಿ. ನಮ್ಮನ್ಯಾಗ ನಾನ ಮುಚ್ಚತಿದ್ನಿ."

ಆಗ ಅವರು ಅತ್ತರು. ಅಷ್ಟು ದಿನದಲ್ಲಿ ಅದೇ ಮೊದಲ ಸಲ ಅತ್ತದ್ದು ಎಂದು ಇಮಾಮಸಾಬ ಆಮೇಲೆ ಹೇಳಿದ.

ಅದೇ ದಿನ ಮುಂಡರಗಿಯ ಬಸ್ಸು ಹತ್ತಿ ಅಳಿಯನ ಅಂಗಡಿಯ ಮುಂದೆ ನಿಂತು ಎಲ್ಲ ಹೇಳಿದೆ. ಬೆಳಕಿಂಡಿಯಲ್ಲಿ ಕೊಳವೆ ಇಟ್ಟದ್ದು ನಾನು, ಟೊಪ್ಪಿಗೆ ಇಲ್ಲದೆ ಪೂರ್ಣ ಎಂದು ಸಹಿ ಹಾಕಿದ್ದು ನಾನು, ನೋಡಿಯೂ ಸುಮ್ಮನೆ ನಿಂತದ್ದು ನಾನು. ಅವನು ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಡದೆ ಕೇಳಿಸಿಕೊಂಡ. ಹೊಡೆದರೆ ಹೊಡೆಯಲಿ ಎಂದು ನಿಂತಿದ್ದೆ. ಕೊನೆಗೆ "ಇದನ್ನ ಆ ಓಣ್ಯಾಗೂ ಹೇಳ್ರಿ" ಎಂದ. ಮರುದಿನ ಅಲ್ಲಿಗೂ ಹೋಗಿ ಹೇಳಿದೆ. ಅವನು ಹೆಂಡತಿಯನ್ನು ತವರಿಗೆ ಕಳಿಸಲು ಎರಡು ತಿಂಗಳು ಬೇಕಾಯಿತು.

ಹೊಸ ವರದಿಯಲ್ಲೂ ಅದೇ ಮೂರು ತಪ್ಪು ಬರೆದು ಕೊಟ್ಟೆ. ಮೇಲಧಿಕಾರಿ ಓದಿ, "ನೀವ ನಿಮ್ಮ ಕಾಲ ಮ್ಯಾಲ ಕಲ್ಲು ಎತ್ತಿಹಾಕ್ಕೊಂಡ್ರಿ" ಎಂದರು. ನೋಟೀಸು ಬಂತು, ಉತ್ತರ ಕೊಟ್ಟೆ. ಅದಕ್ಕಿಂತ ದೊಡ್ಡ ಕೆಲಸ ಉಳಿದ ಹದಿನಾರು ಮನೆಗಳದ್ದಾಗಿತ್ತು. ಶಿವಪ್ಪ ಮತ್ತು ನಾನು ಮಳೆಗಾಲಕ್ಕೆ ಮೊದಲೇ, ಮಾಬೂಬಿಯ ಮನೆಯದೂ ಸೇರಿ, ಎಲ್ಲ ಕೊಳವೆಗಳನ್ನೂ ಬೆಳಕಿಂಡಿಯಿಂದ ಕಿತ್ತು, ಬೆಳಕಿಂಡಿ ಮೊದಲಿನಂತೆ ತೆರೆದು, ಕೊಳವೆಯನ್ನು ಗೋಡೆಯ ಮೂಲಕ ಹೊರಗೆ ತಂದು ನಿಲ್ಲಿಸಿದೆವು. ಒಲೆಯ ಪಕ್ಕ ಗೋಡೆಯಲ್ಲಿ ಮುಚ್ಚಲಾಗದ ಒಂದು ಕಿಂಡಿ ಬಿಟ್ಟೆವು. ಟೊಪ್ಪಿಗೆಗಾಗಿ ಕಾಯಲಿಲ್ಲ, ಲಕ್ಷ್ಮೇಶ್ವರದ ತಗಡಿನ ಕೆಲಸದವನಿಂದ ಮಾಡಿಸಿದೆವು. ಕೀಳಲು ಹೋದಾಗ ಎರಡು ಮನೆಗಳಲ್ಲಿ ಕೊಳವೆಯ ಬದಿಗೆ ಗಡಿಗೆ ಆಗಲೇ ಸಿದ್ಧವಾಗಿ ಕೂತಿತ್ತು.

ಮುಂಗಾರು ಹಿಡಿದಾಗ ಮಾಬೂಬಿಯ ಮನೆಗೆ ಹೋದೆ. ಜೋರು ಮಳೆ. ಬೆಳಕಿಂಡಿಯಿಂದ ನೀರು ಅಡುಗೆಮನೆಯ ನೆಲಕ್ಕೆ ಸುರಿಯುತ್ತಿತ್ತು. ಅವರು ಗಡಿಗೆ ಹಿಡಿದು ನಿಚ್ಚಣಿಕೆಯ ಬುಡದಲ್ಲಿ ನೆನೆಯುತ್ತ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ನೀವ ಹತ್ರಿ ಸಾಹೇಬ್ರ," ಎಂದು ಗಡಿಗೆಯನ್ನು ನನ್ನ ಕೈಗಿಟ್ಟರು. "ನಾ ಹತ್ತೂದಿಲ್ಲ."

ನಾನು ಹತ್ತಿ ಬೆಳಕಿಂಡಿಗೆ ಗಡಿಗೆ ಬೋರಲು ಹಾಕಿದೆ. ಆಚೆ ಟೊಪ್ಪಿಗೆಯ ಪಕ್ಕದಿಂದ ಹೊಗೆ ಸಲೀಸಾಗಿ ಹೋಗುತ್ತಿತ್ತು. ಇಳಿದು ಬಂದಾಗ ಕೇಳಿದರು, "ನೋಡಿ ಮುಚ್ಚಿದ್ರಿ?"

"ನೋಡಿ ಮುಚ್ಚೀನ್ರಿ ಯವ್ವಾ."

ಆದರೂ ಅವರು ಇಮಾಮಸಾಬನನ್ನು ಕರೆದು ಇನ್ನೊಮ್ಮೆ ಮೇಲೆ ಹತ್ತಿಸಿದರು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ, ಅವರು ಮಾಡಿದ್ದೇ ಸರಿ. ಒಂದು ಹೊಸ ವಸ್ತುವನ್ನು ಮನೆಯೊಳಗೆ ಕೂರಿಸುವವನು, ಆ ಜಾಗದಲ್ಲಿ ಆ ಮನೆಯ ಕೈಗಳು ಇಷ್ಟು ದಿನ ಏನು ಮಾಡುತ್ತಿದ್ದವು ಎಂದು ಮೊದಲು ಕೇಳಬೇಕು. ಟೇಪು ಆಮೇಲೆ ಹಿಡಿಯಬೇಕು. ಅಲ್ಲಿಂದ ಮುಂದೆ ನಿವೃತ್ತಿಯಾಗುವ ತನಕ, ನಾನು ಹಾಕಿಸಿದ ಪ್ರತಿ ಒಲೆಯ ಮಾಳಿಗೆಯನ್ನು ಎರಡು ಸಲ ಹತ್ತಿದ್ದೇನೆ. ಒಮ್ಮೆ ಒಲೆ ಹಾಕಿದ ದಿನ, ಇನ್ನೊಮ್ಮೆ ಮೊದಲ ಮಳೆ ಬಂದ ಮೇಲೆ.