ತುಂಬಿ ಬಂದ ಸುರುಳಿ

೧೯೭೧ ಫೆಬ್ರುವರಿ ೧೪, ಭಾನುವಾರ. ಮಧ್ಯಾಹ್ನ ಮೂರು ಹತ್ತಕ್ಕೆ ಬರೆಯಲು ಕುಳಿತೆ. ಕೆಳಗೆ ಅಡುಗೆಮನೆಯಲ್ಲಿ ರೇಡಿಯೋ ಸದ್ದಿಲ್ಲ. ಹಿಂದೆಲ್ಲ ಈ ಹೊತ್ತಿಗೆ ಮನೆಯೊಡತಿ ಹಾಕಿರುತ್ತಿದ್ದರು.

ಭೌತಶಾಸ್ತ್ರದ ಸಂಶೋಧನೆಗೆಂದು ಫ್ರಾಂಕ್‌ಫರ್ಟಿಗೆ ಬಂದವನು ೧೯೬೮ರ ಅಕ್ಟೋಬರಿನಿಂದ ಈ ವಿಧವೆಯ ಮನೆಯ ಮಾಳಿಗೆ ಕೋಣೆಯಲ್ಲಿದ್ದೇನೆ. ಅವರ ಒಬ್ಬಳೇ ಮಗಳು ಟಾಂಜಾನಿಯಾದ ದಕ್ಷಿಣದ ಬೆಟ್ಟಗಳಲ್ಲಿ ಒಂದು ಮಿಶನ್ ಶಾಲೆಯ ಟೀಚರಾಗಿದ್ದಳು. ನಾನು ಅವಳನ್ನು ನೋಡಿದವನಲ್ಲ. ಕೇಳಿದವನು. ಒಟ್ಟು ಏಳು ಸಲ, ದಿನಾಂಕಗಳು ಡೈರಿಯಲ್ಲಿವೆ.

ಅವಳ ದನಿ ಟೇಪಿನ ಸುರುಳಿಯಲ್ಲಿ ಬರುತ್ತಿತ್ತು. ಚರ್ಚಿಗೆ ಅಂಟಿಕೊಂಡ ಗೆಮೈಂಡೆಹೌಸಿನ, ಅಂದರೆ ಸಭಾಭವನದ, ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿ, ಆ ಶಾಲೆಯ ಔಷಧದ ಕೋಣೆಗೆಂದು ಹತ್ತಿ ನೂಲಿನ ಬ್ಯಾಂಡೇಜು ಹೆಣೆಯುತ್ತಿದ್ದರು, ಸ್ಲೇಟು ಬಳಪ ಕಟ್ಟಿಡುತ್ತಿದ್ದರು. ಸುರುಳಿ ಬಂದ ವಾರ ಭಾನುವಾರದ ಆರಾಧನೆ ಮುಗಿದ ಮೇಲೆ ಕಾಫಿ, ಪ್ಲಮ್ ಕೇಕಿನ ಜೊತೆ ಅದನ್ನು ಕೇಳುವುದು. ಅದೇ ಮಧ್ಯಾಹ್ನ ಅದೇ ಸುರುಳಿಯ ಮೊದಲಿನಿಂದ ತಮ್ಮ ಉತ್ತರ ಹೇಳುವುದು. ಸೋಮವಾರ ಪಾದ್ರಿಗಳು ಅಂಚೆಗೆ ಹಾಕುವುದು. ಅಲ್ಲಿಯೂ ಹಾಗೆಯೇ, ನಮ್ಮ ಮಾತು ಕೇಳಿ ಅದರ ಮೇಲೆಯೇ ಅವರ ಮಾತು; ಹೊಸದು ತುಂಬಿದಷ್ಟೂ ಹಳೆಯದು ಅಳಿಸಿಹೋಗುತ್ತಿತ್ತು. ಎರಡು ಊರಿಗೆ ಒಂದೇ ಸುರುಳಿ. ಹಳೆಯ ಮಾತನ್ನು ಉಳಿಸಿಟ್ಟುಕೊಳ್ಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಹೇಳಿದವಳೇ ರಜೆಗೆ ಬರುವವಳಿದ್ದಳಲ್ಲ.

ಟೇಪ್ ಯಂತ್ರದ ಗುಂಡಿಗಳೆಂದರೆ ಪಾದ್ರಿಗಳಿಗೆ ಭಯ. ಹಾಗಾಗಿ ಆ ಕೆಲಸ ನನ್ನದಾಯಿತು. ಇಲ್ಲಿಯೇ ಆಸ್ಪತ್ರೆಯಲ್ಲಿರುವ ಧಾರವಾಡದ ಡಾಕ್ಟರ್ ಗೆಳೆಯನಿಗೆ ಇದು ದೊಡ್ಡ ತಮಾಷೆ.

"ಗುರು, ನೀ ಸಂಡೇ ಸಂಡೇ ಚರ್ಚಿಗೆ ಹೊಂಟದ್ದು ನಿಮ್ಮ ಮನ್ಯಾಗ ಗೊತ್ತೈತೇನು?"

"ಕೇಕ್ ತಿನ್ನೋಕೆ ಹೋಗ್ತೀನಿ ಮಾರಾಯ."

"ಎರಡು ತುಂಡು ಕೊಡಿಸ್ತೀ ಅಂದ್ರ ನಾಳೇನ ನನ್ನ ಹೆಸರೂ ಬರಸು!"

ನಿಜವೆಂದರೆ ಆ ಕೋಣೆಯ ಗೋಡೆ ನನ್ನನ್ನು ಹಿಡಿದಿತ್ತು. ಅಲ್ಲೊಂದು ಫೋಟೋ: ಸಾಲಾಗಿ ನಿಂತ ಆಫ್ರಿಕದ ಮಕ್ಕಳು, ತೊಡೆಗೆ ಅಂಟಿಸಿದ ಕೈಗಳು. ಮಂಗಳೂರಿನ ಕಡೆಯ ಮಿಶನ್ ಶಾಲೆಯಲ್ಲಿ ನಾನೂ ವರ್ಷಕ್ಕೊಮ್ಮೆ ಹಾಗೆಯೇ ನಿಂತಿದ್ದೆ. "ಸಾಮಾನು ಕಳಿಸಿದವರಿಗೆ ಈ ಫೋಟೋ ಹೋಗ್ತದೆ, ಅಲ್ಲಾಡಬೇಡಿ," ಎನ್ನುತ್ತಿದ್ದರು ಮೇಷ್ಟ್ರು. ಅದು ಹೋಗಿ ತಲುಪುವ ಗೋಡೆ ಹೇಗಿರುತ್ತದೆಂದು ಇಲ್ಲಿ ಬಂದ ಮೇಲೆ ಗೊತ್ತಾಯಿತು.

೧೯೭೦ ಜೂನ್ ೧೪. ಸುರುಳಿ ಏಳನೆಯ ಸಲ ಬಂದಿತ್ತು. ಶಾಲೆಯ ಹೊಸ ಸೂರಿನ ಬಗ್ಗೆ ಹೇಳಿದಳು. ಅಲ್ಲಿ ಕರೆಂಟಿಲ್ಲ, ಬೆಟ್ಟದ ಬುಡದಲ್ಲಿ ಅಂಗಡಿ ಇಟ್ಟ ಭಾರತೀಯನೊಬ್ಬ ಯಂತ್ರಕ್ಕೆ ಬ್ಯಾಟರಿ ಕಡ ಕೊಡುತ್ತಾನೆ, ಬದಲಿಗೆ ಜೊತೆಗೆ ಕೂತು ರೆಕಾರ್ಡ್ ಆಗುವುದನ್ನು ನೋಡುತ್ತಾನೆ ಎಂದು ನಕ್ಕಳು. ಆಮೇಲೆ ದನಿ ಸ್ವಲ್ಪ ತಗ್ಗಿತು. "ಇನ್ನು ಮುಂದಿನದು ಅಮ್ಮನಿಗೆ ಮಾತ್ರ. ಅಮ್ಮಾ..."

"ಗಂಡು ಗೊತ್ತುಮಾಡ್ಕೊಂಡಿದ್ದಾಳೆ!" ಎಂದರು ಒಬ್ಬಾಕೆ. ಎಲ್ಲರೂ ನಕ್ಕರು. ಮನೆಯೊಡತಿಯ ಮುಖ ಕೆಂಪಾಯಿತು.

"ನಿಲ್ಲಿಸಪ್ಪ, ನಿಲ್ಲಿಸು. ಇವರೆದುರಿಗೆ ಬೇಡ. ಆಮೇಲೆ ಒಬ್ಬಳೇ ಕೇಳ್ತೀನಿ."

ನಿಲ್ಲಿಸಿದೆ. ಎಡಗಡೆಯ ಚಕ್ರದಲ್ಲಿ ಇನ್ನೂ ಒಂದು ಬೆರಳು ದಪ್ಪ ಟೇಪು ಉಳಿದಿತ್ತು. ಹಿಂದಕ್ಕೆ ಸುತ್ತಿ ಎಲ್ಲರೂ ಉತ್ತರ ಹೇಳಿದರು. ಆ ಭಾಗ ಮುಟ್ಟುವ ಮೊದಲೇ ನಿಲ್ಲಿಸಿದೆ. ಅಷ್ಟರಲ್ಲಿ ಕೋಣೆಯನ್ನು ಗಾಯನ ತಂಡಕ್ಕೆ ಬಿಟ್ಟುಕೊಡಬೇಕಾಗಿ ಬಂತು. ಮನೆಯಲ್ಲಿ ಯಂತ್ರವಿಲ್ಲ. ಈ ವಾರ ಇಟ್ಟುಕೊಂಡು ಮುಂದಿನ ವಾರ ಕಳಿಸೋಣವೇ ಎಂದು ಪಾದ್ರಿಗಳೇ ಕೇಳಿದರು.

"ಬೇಡ ಬೇಡ, ಮಕ್ಕಳು ಕಾಯ್ತಿರ್ತಾರೆ," ಎಂದರು ಮನೆಯೊಡತಿ. "ವಾಪಸ್ ಬರುತ್ತಲ್ಲ, ಆಗ ಕೇಳಿದರಾಯಿತು."

ಜುಲೈ ೯ರಂದು ತಂತಿ ಬಂತು. ಬೆಟ್ಟದ ತಿರುವಿನಲ್ಲಿ ಶಾಲೆಯ ಲಾರಿ ಉರುಳಿತ್ತು. ಅವಳನ್ನು ಅಲ್ಲಿಯೇ ಮಣ್ಣು ಮಾಡಿದರು.

ಆ ವಾರ ಒಂದು ಬೆಳಿಗ್ಗೆ ಮನೆಯೊಡತಿ ಮೆಟ್ಟಿಲ ಬಳಿ ನನ್ನನ್ನು ತಡೆದು, "ಅದರ ಕೊನೇಲಿ ಅವಳ ಮಾತು ಇನ್ನೂ ಇದೆ, ಅಲ್ವಾ?" ಎಂದು ಕೇಳಿದರು. ಇದೆ ಎಂದು ಬೆರಳು ತೋರಿಸಿದೆ. ಆ ಬೆರಳನ್ನೇ ನೋಡುತ್ತ ನಿಂತರು. ಸುರುಳಿಯನ್ನು ಮುಟ್ಟದೆ ಇದ್ದಂತೆಯೇ ಕಳಿಸಿ ಎಂದು ಪಾದ್ರಿಗಳು ಕಾಗದ ಬರೆದರು. ಆದರೆ ಕಾಗದ ಅತ್ತ ಹೋಗುವಾಗಲೇ ಸುರುಳಿ ಇತ್ತ ಹೊರಟಾಗಿತ್ತು.

ಆಗಸ್ಟ್ ೩೦ರಂದು ಕೇಳಿದೆವು. ಅಂದು ಕೇಕ್ ಇರಲಿಲ್ಲ. ಮೊದಲು ಅಲ್ಲಿಯ ಮೇಷ್ಟ್ರೊಬ್ಬರು ತೊದಲುವ ಜರ್ಮನ್‌ನಲ್ಲಿ ಸಂತಾಪ ಹೇಳಿದರು. ನಂತರ ಮಕ್ಕಳ ಹಾಡು. ಒಂದು ಮುಗಿದರೆ ಇನ್ನೊಂದು. ಹೆಂಗಸರು ಅಳುತ್ತಿದ್ದರು. ಮನೆಯೊಡತಿ ಮಾತ್ರ ಅಳದೆ, ತೆಳುವಾಗುತ್ತಿದ್ದ ಎಡಗಡೆಯ ಚಕ್ರವನ್ನೇ ನೋಡುತ್ತಿದ್ದರು. ಬೆರಳು ದಪ್ಪ ಉಳಿಯಿತು. ಹಾಡು ನಿಲ್ಲಲಿಲ್ಲ. ಅರ್ಧ ಬೆರಳು. ನಾಲ್ಕು ಸುತ್ತು. ಮಕ್ಕಳು ಹಾಡುತ್ತಲೇ ಇದ್ದರು. ಟೇಪಿನ ತುದಿ ಕಳಚಿ ಚಟಚಟ ಹೊಡೆದುಕೊಳ್ಳತೊಡಗಿತು.

"ಅವಳು ಕಲಿಸಿದ ಹಾಡುಗಳು. ಕೇಳಿ, ಉಚ್ಚಾರವೂ ಅವಳದೇ," ಎಂದರು ಪಾದ್ರಿಗಳು, ಮೆಲ್ಲಗೆ.

"ಹೌದು. ಚೆನ್ನಾಗಿ ಹಾಡಿದ್ದಾರೆ," ಎಂದರು ಮನೆಯೊಡತಿ.

ಮನೆಯೊಡತಿಯ ಜೊತೆ ಟ್ರಾಮಿಗೆ ಕಾಯುವಾಗ, ಏನಾದರೂ ಹೇಳಬೇಕೆಂದು, ನಮ್ಮ ಕಡೆಯ ರೂಢಿ ಹೇಳಿದೆ. ಪಕ್ಕದ ಮನೆಯಿಂದ ಪಲ್ಯದ ಬಟ್ಟಲು ಬಂದರೆ ಅದನ್ನು ಬರಿದಾಗಿ ಹಿಂದೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ. ಆ ಮಕ್ಕಳೂ ಹಾಗೆಯೇ ಮಾಡಿರಬೇಕು; ಮಗಳನ್ನು ಕಳಕೊಂಡ ತಾಯಿಗೆ ಗೇಣು ಟೇಪೂ ಖಾಲಿ ಹೋಗಬಾರದೆಂದು ಅವರ ಮೇಷ್ಟ್ರು ಹೇಳಿರಬೇಕು. ನಮ್ಮ ಮೇಷ್ಟ್ರಾಗಿದ್ದರೂ ಅದನ್ನೇ ಹೇಳುತ್ತಿದ್ದರು.

"ಒಳ್ಳೇ ರೂಢಿ," ಎಂದರು. ಟ್ರಾಮ್ ಬಂತು. ಹತ್ತಿ ಕೂತ ಮೇಲೆ, "ಇದೊಂದು ಸಲ ಖಾಲಿ ಕಳಿಸಿದ್ದರೆ ಆಗುತ್ತಿತ್ತು," ಎಂದರು.

ಸುರುಳಿ ಈಗ ಅವರ ಬೀರುವಿನಲ್ಲಿದೆ. ಪಾದ್ರಿಗಳು ಮತ್ತೆರಡು ಕಾಗದ ಬರೆದರು. ಹಾಡು ತುಂಬಿಸಿದ ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಗಿದೆಯಂತೆ. ಅಳಿಸುವ ಮೊದಲು ಅವಳ ಮಾತನ್ನು ಕೊನೆಯವರೆಗೆ ಯಾರಾದರೂ ಕೇಳಿದ್ದರೋ ಇಲ್ಲವೋ ಶಾಲೆಗೆ ತಿಳಿಯದು.

ಮೊನ್ನೆ ಧಾರವಾಡದ ಗೆಳೆಯನಿಗೆ ಎಲ್ಲ ಹೇಳಿದೆ. ಈ ಸಲ ಅವನು ತಮಾಷೆ ಮಾಡಲಿಲ್ಲ. "ಆ ಅಂಗಡಿಯಾಂವ ಮಗ್ಗಲದಾಗ ಕುಂತಿದ್ನಲ್ಲೋ. ನಮ್ಮ ಮಂದಿ ಎಲ್ಲಾ ಕಡೆ ಅದಾರ. ಕನ್ನಡ ಪೇಪರಿಗೂ ಬರದು ನೋಡು," ಎಂದ.

ಅದಕ್ಕೇ ಇದು. ಆ ಬೆಟ್ಟಗಳಲ್ಲಿ ಕೆಲಸ ಮಾಡಿದವರು, ಅಥವಾ ಅಲ್ಲಿ ಬಂಧುಗಳಿರುವವರು ಇದನ್ನು ಓದುತ್ತಿದ್ದರೆ, ಮಿಶನ್ ಶಾಲೆಗೆ ಬ್ಯಾಟರಿ ಕಡ ಕೊಡುತ್ತಿದ್ದ ಆ ಅಂಗಡಿಯವರನ್ನು ದಯವಿಟ್ಟು ವಿಚಾರಿಸಿ. ೧೯೭೦ರ ಬೇಸಿಗೆಯಲ್ಲಿ ಆಕೆ ಅಮ್ಮನಿಗೆ ಮಾತ್ರ ಎಂದು ಕೊನೆಯಲ್ಲಿ ಹೇಳಿದ್ದು ಜರ್ಮನ್‌ನಲ್ಲಿ, ಅವರಿಗೆ ಅರ್ಥವಾಗಿರಲಿಕ್ಕಿಲ್ಲ. ಆದರೆ ನಗುತ್ತ ಹೇಳಿದಳೇ, ಅಳುತ್ತ ಹೇಳಿದಳೇ, ಅಷ್ಟು ನೆನಪಿದ್ದರೂ ಸಾಕು. ಸಂಪಾದಕರ ಮೂಲಕ ನನಗೆ ಬರೆಯಿರಿ; ಆ ತಾಯಿಗೆ ಓದಿ ಹೇಳುತ್ತೇನೆ.