ನಡುಗೋಡೆಯ ಆಚೆಯ ಕಾಕು

ಪಕ್ಕದ ಮನೆಯ ಕಾಕು ಅವರ ಬಲಗಿವಿಯ ಅಂಚಿಗೆ ಯಾವಾಗಲೂ ಒಂದಿಷ್ಟು ದೀಪದ ಮಸಿ ಮೆತ್ತಿಕೊಂಡಿರುತ್ತಿತ್ತು. ಬೆಳಿಗ್ಗೆ ತಲೆಮೇಲೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು, ಬಿಳಿಗೂದಲನ್ನು ಬಿಗಿಯಾಗಿ ಗಂಟು ಕಟ್ಟಿದರೂ ಆ ಮಸಿ ಮಾತ್ರ ಪೂರ್ತಿ ಹೋಗುತ್ತಿರಲಿಲ್ಲ. ಯಾರದಾದರೂ ಮನೆಯ ಮುಂಜಿವೆಗೋ ಮದುವೆಗೋ ಹೊರಟಾಗ ನಮ್ಮ ಅವ್ವ ಕಟ್ಟೆಯ ಮೇಲೆ ನಿಂತು ತನ್ನ ಕಿವಿ ಮುಟ್ಟಿ ತೋರಿಸುತ್ತಿದ್ದಳು. ಕಾಕು ನಕ್ಕು, ಸೆರಗಿನ ತುದಿಯಿಂದ ಒರೆಸಿಕೊಂಡು ಮುಂದೆ ಹೋಗುತ್ತಿದ್ದರು.

ನಾವು ಇದ್ದದ್ದು ರಾಮದುರ್ಗದ ಹಳೆಯ ಪೇಟೆಯೊಳಗಿನ ಒಂದು ಜೋಡುಮನೆಯಲ್ಲಿ. ಸಂಸ್ಥಾನದ ಕಾಲಕ್ಕೆ ಎರಡು ಮನೆತನದವರು ಕೂಡಿ ಒಂದೇ ಬುನಾದಿಯ ಮೇಲೆ ಕಟ್ಟಿಸಿದ್ದು. ಎಡಗಡೆಯ ಬಾಗಿಲು ನಮ್ಮದು, ಬಲಗಡೆಯದು ಕಾಕು ಅವರದು. ಜಾತಿ ಬೇರೆ, ಒಲೆ ಬೇರೆ, ದೇವರೂ ಬೇರೆ. ಆದರೆ ಮಾಳಿಗೆಯ ತೊಲೆಗಳು ಮಾತ್ರ ಆ ತುದಿಯಿಂದ ಈ ತುದಿಗೆ ಒಂದೇ ಸಮ ಹಾಯ್ದಿದ್ದವು. ಒಂದು ಮನೆ ಕೆಡವಿದರೆ ಇನ್ನೊಂದು ನಿಲ್ಲುವಂತಿರಲಿಲ್ಲ. ನಡುಗೋಡೆಯಲ್ಲಿ ದೀಪ ಇಡುವ ಒಂದು ಮಾಡ ಇತ್ತು. ಎಲ್ಲರ ಮನೆಯ ಮಾಡ ಗೋಡೆಯಲ್ಲಿ ಅರ್ಧಕ್ಕೆ ನಿಂತರೆ ಇದು ಆರಪಾರ ತೆರೆದದ್ದು. ನಡುವೆ ಒಂದು ಹಿತ್ತಾಳೆಯ ದೀಪ ಇಟ್ಟರೆ ಎರಡೂ ಮನೆಗೆ ಬೆಳಕು.

ಶುಕ್ಲಪಕ್ಷದ ಎಣ್ಣೆಬತ್ತಿ ಅವರ ಪಾಳಿ, ಕೃಷ್ಣಪಕ್ಷದ್ದು ನಮ್ಮದು. ಪಾಳಿ ಯಾರದೇ ಇರಲಿ, ದೀಪ ಹತ್ತಿದ ಮೇಲೆ ಕಾಕು ಮಾಡಕ್ಕೆ ಕಿವಿ ಹಚ್ಚಿ "ಬೆಳಕು ಬಂತೇನ ತಂಗಿ?" ಎಂದು ಕೇಳಬೇಕು. ಅವ್ವ ಈಚೆಯಿಂದ "ಬಂತ್ರಿ ವೈನಿ" ಅನ್ನಬೇಕು; ನಮಗೆ ಕಾಕು ಆದವರು ಅವ್ವನಿಗೆ ವೈನಿ, ಅಂದರೆ ಅತ್ತಿಗೆ. ಆ ಮಾತು ಆಗುವವರೆಗೆ ಎರಡೂ ಮನೆಯಲ್ಲಿ ಯಾರೂ ತಾಟಿನ ಮುಂದೆ ಕೂಡುವಂತಿರಲಿಲ್ಲ. ಹಸಿದು ಬಂದ ನಾವು ಮಕ್ಕಳು ಒಳಗೊಳಗೇ ಬೈದುಕೊಳ್ಳುತ್ತಿದ್ದೆವು. ಮಾತು ಅಲ್ಲಿಗೇ ಮುಗಿಯುತ್ತಲೂ ಇರಲಿಲ್ಲ. ಯಾರ ಮಗಳು ಬಸುರಿ, ಯಾರ ಸೊಸೆ ತವರಿಗೆ ಹೋದಳು, ಮುರಗೋಡದ ಮಠಕ್ಕೆ ಯಾವಾಗ ಹೋಗೋಣ ಎಲ್ಲವೂ ಆ ಮಾಡದೊಳಗೇ ಆಗಬೇಕು. ಕಿವಿಯ ಮಸಿ ಅಲ್ಲಿಯದು.

ಇಷ್ಟಿದ್ದೂ ಕಾಕು ನಮ್ಮ ಮನೆಯ ನೀರು ಕುಡಿಯುತ್ತಿರಲಿಲ್ಲ. ಅವ್ವ ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ, ಆದರೆ ಕೆಣಕದೆ ಬಿಡುತ್ತಲೂ ಇರಲಿಲ್ಲ. ನಮ್ಮ ಎಣ್ಣೆ ನಡೆಯುತ್ತದೆ, ನೀರು ಯಾಕೆ ನಡೆಯುವುದಿಲ್ಲ ಎಂದು ಒಮ್ಮೆ ಕೇಳಿದ್ದಳು. "ಎಣ್ಣಿ ನಾ ಕುಡಿಯೂದಿಲ್ಲಲ್ಲ ತಂಗಿ" ಎಂದು ಉತ್ತರ ಬಂತು. ಇಬ್ಬರೂ ಗೋಡೆಯ ಆಚೀಚೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವ್ವ ಹೋದ ದಿನ ಕಾಕು ಮೊದಲ ಸಲ ನಮ್ಮ ಪಡಸಾಲೆ ದಾಟಿ ಒಳಗೆ ಬಂದರು. ಅಳಲಿಲ್ಲ. ಯಾರನ್ನೂ ಕೇಳದೆ ನಮ್ಮ ಹಂಡೆಯೊಳಗೆ ತಂಬಿಗೆ ಅದ್ದಿ ಗಟಗಟ ಕುಡಿದರು. ತಂಬಿಗೆ ಬೋರಲು ಹಾಕಿ ಅವ್ವನ ತಲೆಯ ಹತ್ತಿರ ಕುಳಿತರು.

ಅದು ಕೃಷ್ಣಪಕ್ಷ, ಪಾಳಿ ನಮ್ಮದು. ಸೂತಕದ ಮನೆಯಲ್ಲಿ ದೀಪದ ನೆನಪು ಯಾರಿಗೆ? ಸಂಜೆ ಆಚೆಯಿಂದ ಒಂದು ಕೈ ಮಾಡದೊಳಗೆ ಬಂದು ಎಣ್ಣೆ ಹಾಕಿತು, ಬತ್ತಿ ಹೊಸೆಯಿತು, ಹಚ್ಚಿತು. ಆಮೇಲೆ ದಿನದ ಹಾಗೇ ಆ ದನಿ: "ಬೆಳಕು ಬಂತೇನ ತಂಗಿ?" ನಾನು, ನನ್ನ ಇಬ್ಬರು ಅಣ್ಣಂದಿರು ಮುಖ ಮುಖ ನೋಡಿಕೊಂಡೆವು. ಕಾಕು ತುಸು ಹೊತ್ತು ಕಾದರು. ಬಳಿಕ "ಆತು" ಎಂದು ತಾವೇ ಅಂದುಕೊಂಡು ಉಣ್ಣಲು ಹೋದರು.

ಅಂದಿನಿಂದ ಅದು ತಪ್ಪಲಿಲ್ಲ. ನಾವೆಲ್ಲ ನಮ್ಮ ನಮ್ಮ ಊರು ಹಿಡಿದೆವು. ನನಗೆ ಸವದತ್ತಿಯಲ್ಲಿ ಶಾಲೆಯ ನೌಕರಿ. ನಮ್ಮ ಅರ್ಧಕ್ಕೆ ಕೀಲಿ ಬಿತ್ತು. ಕೀಲಿ ಹಾಕಿದ ಆ ಕತ್ತಲೆಗೆ, ಆಚೆ ಒಂಟಿಯಾಗಿ ಉಳಿದ ಕಾಕು ದಿನಾ ಕೇಳುತ್ತಿದ್ದರು, ಕಾಯುತ್ತಿದ್ದರು, "ಆತು" ಅನ್ನುತ್ತಿದ್ದರು. ಮುದುಕಿ ಸತ್ತವಳ ಜೊತೆ ಮಾತಾಡುತ್ತಾಳೆ ಎಂದು ಓಣಿಯೆಲ್ಲ ಹಬ್ಬಿತು. ದೆವ್ವ ಭೂತದ ಮಾತು ಬಂದರೆ ಎದ್ದು ಹೋಗುವವಳು ನಾನು. ನನಗೆ ಸಿಟ್ಟು ಬರುತ್ತಿತ್ತು.

ಮಲಪ್ರಭೆ ಉಕ್ಕಿ ಪೇಟೆಗೆ ನೀರು ಹೊಕ್ಕ ಮೇಲೆ ಬುನಾದಿ ಕುಸಿಯಿತು. ನಡುವಿನ ತೊಲೆ ಜಗ್ಗಿತು. ಮನೆ ನೋಡಿದ ಗೌಂಡಿ ಇನ್ನೊಂದು ಮಳೆಗಾಲ ತಡೆಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ. ಅಣ್ಣಂದಿರು 'ಮನೆ ಮಾರುವುದಿದೆ' ಎಂದು ಬೋರ್ಡು ಹಚ್ಚಿಸಿದರು. ಬಂದವರಲ್ಲಿ ಕೆಲವರಿಗೆ ಕೆತ್ತನೆಯ ಕಂಬ, ಬಾಗಿಲಿನ ಚೌಕಟ್ಟು ಅಷ್ಟೇ ಬೇಕಾಗಿತ್ತು. ಕೆಲವರು ಸಂಜೆಯವರೆಗೆ ಕುಳಿತು, ಆ ದನಿ ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದವರು ತಿರುಗಿ ಬರಲಿಲ್ಲ. ಕೊನೆಗೆ ಒಬ್ಬ ಗಟ್ಟಿ ಗಿರಾಕಿ ಸಿಕ್ಕ. ಎರಡೂ ಅರ್ಧ ಕೂಡಿಯೇ ಬೇಕು ಅಂದ. ಕಿತ್ತೂರಿನಲ್ಲಿದ್ದ ಕಾಕು ಅವರ ತಂಗಿಯ ಮಗಳು ಅವರನ್ನು ತನ್ನ ಹತ್ತಿರ ಇಟ್ಟುಕೊಳ್ಳಲು ತುದಿಗಾಲಲ್ಲಿ ನಿಂತಿದ್ದಳು. ಉಳಿದದ್ದು ಕಾಕು ಅವರ ಒಪ್ಪಿಗೆ ಒಂದೇ.

ಕಾಕು ಒಲ್ಲೆ ಅನ್ನಲಿಲ್ಲ. ನಿಮ್ಮವ್ವನ್ನ ಕೇಳಿ ಹೇಳತೇನಿ ಅಂದರು. ಅಣ್ಣಂದಿರು ತಲೆ ಚಚ್ಚಿಕೊಂಡು, ನಿನ್ನ ಮಾತು ಕೇಳುತ್ತಾರೆ ಎಂದು ನನ್ನನ್ನು ಮುಂದೆ ತಳ್ಳಿದರು. ನಾನು ಬೇಸಿಗೆಯ ಸೂಟಿಯಲ್ಲಿ ಹೋಗಿ ನಮ್ಮ ಅರ್ಧದ ಕೀಲಿ ತೆಗೆದು ಉಳಿದೆ. ಎದುರು ಕುಳಿತು ಹೇಳಿದೆ:

"ಕಾಕು, ಅವ್ವ ಸತ್ತಾಳ್ರಿ."

"ಸತ್ತರ ಏನಾತವಾ? ಆಕಿ ಪಾಲು ಹೋಗತದೇನು?"

ಆಕಾಶದಲ್ಲಿ ಮೋಡ ಕೂಡುತ್ತಿದ್ದವು. ಮಾಳಿಗೆಯಿಂದ ಆಗಾಗ ಮಣ್ಣು ಉದುರುತ್ತಿತ್ತು. ಆ ತೊಲೆಯ ಕೆಳಗೇ ಕಾಕು ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಮನೆ ಮಾರುವುದಕ್ಕಿಂತ ಹೆಚ್ಚಾಗಿ, ಈ ಮುದುಕಿಯನ್ನು ಜೀವಂತ ಹೊರಗೆ ತರಬೇಕಲ್ಲ ಎನ್ನುವುದೇ ನನ್ನ ಎದೆಯ ಮೇಲೆ ಕುಳಿತಿತ್ತು.

ಮೊದಲ ಸಂಜೆ ಆ ಪ್ರಶ್ನೆ ಬಂದಾಗ ಸುಮ್ಮನಿರಲಾಗದೆ "ಬಂತ್ರಿ" ಅಂದೆ. ಯಾರು ಎಂದು ಆಚೆಯಿಂದ ಕಾಕು ಕೇಳಲಿಲ್ಲ. ರೊಟ್ಟಿಗೆ ಹಚ್ಚುವ ಶೇಂಗಾದ ಹಿಂಡಿ ಮುಗಿದದ್ದು, ಮೊಣಕಾಲು ಹಿಡಿದದ್ದು ಎಲ್ಲ ಹೇಳಿದರು. ನನ್ನ ದನಿ ಅವ್ವನ ಹಾಗೇ ಇದೆ ಎಂದು ಎಲ್ಲರೂ ಅನ್ನುತ್ತಾರೆ. ದಿನ ಕಳೆದಂತೆ ಆ ಮಾಡದ ಮುಂದೆ ನಿಂತಾಗ ನನ್ನ ನಿಲುವೂ ಅವಳದೇ ಆಗುತ್ತಿತ್ತು. ಸೊಂಟದ ಮೇಲೆ ಒಂದು ಕೈ, ತುಸು ಬಾಗಿದ ಕೊರಳು. ಗೊತ್ತಾದಾಗ ಕೈ ಕೆಳಗೆ ಬಿಡುತ್ತಿದ್ದೆ. ಒಂದು ಸಂಜೆ ಮಾತ್ರ ಬಾಯಿ ತಪ್ಪಿ "ಬಂತ್ರಿ ವೈನಿ" ಎಂದುಬಿಟ್ಟೆ.

ದೀಪ ಅಲುಗದೆ ಉರಿಯುತ್ತಿತ್ತು. ಆಮೇಲೆ ಬಹಳ ಮೆತ್ತಗೆ ಕಾಕು ಕೇಳಿದರು:

"ತಂಗಿ, ಮನಿ ಕೊಟ್ಟುಬಿಡೂಣೇನು?"

ನನ್ನದೊಂದು ಮಾತು ಸಾಕಿತ್ತು. ಅಣ್ಣಂದಿರ ಚಿಂತೆ, ನನ್ನ ಹೆದರಿಕೆ, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವ್ವನ ಹೆಸರಿನಲ್ಲಿ ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ಮಾಡದ ಎದುರು ಅಲ್ಲೇ ನೆಲದ ಮೇಲೆ ತಲೆ ತಗ್ಗಿಸಿ ಕುಳಿತೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡೆ.

ಆಗ ಕೇಳಿಸಿತು. ನನ್ನ ಬೆನ್ನ ಹಿಂದೆ, ನಮ್ಮ ಅಡಿಗೆಮನೆಯ ಕತ್ತಲೆಯಿಂದ, "ಹೂಂ." ರೊಟ್ಟಿ ಬಡಿಯುತ್ತಿರುವಾಗ ಏನಾದರೂ ಕೇಳಿದರೆ ಅವ್ವ ಬಾಯಿ ತೆರೆಯದೆ, ಮೂಗಿನಿಂದಲೇ ಎಳೆದು ಅನ್ನುತ್ತಿದ್ದ ಆ ಹೂಂ. ನಾನು ಹಿಂದೆ ತಿರುಗಿ ನೋಡಲಿಲ್ಲ. ದೀಪ ಆರುವವರೆಗೆ ಕುಳಿತಲ್ಲಿಂದ ಏಳಲಿಲ್ಲ.

ಬೆಳಿಗ್ಗೆ ಕಾಕು ತಾವಾಗಿಯೇ ನಮ್ಮ ಬಾಗಿಲಿಗೆ ಬಂದರು. "ನಿಮ್ಮವ್ವ ಹೂಂ ಅಂದ್ಳವಾ. ಸಹಿ ಎಲ್ಲಿ ಮಾಡಬೇಕು, ಕರಕೊಂಡು ಹೋಗು" ಅಂದರು. ರಾತ್ರಿಯೆಲ್ಲ ನನಗೇ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಇಬ್ಬರಿಗೂ ಕೇಳಿಸಿದೆ ಅಂದ ಮೇಲೆ ಏನೋ ಇರಬೇಕು, ಗಾಳಿಯೋ, ತೊಲೆಯ ಸದ್ದೋ, ಹೋಗಲಿ ಎಂದು ಸಮಾಧಾನ ಮಾಡಿಕೊಂಡೆ. ನನಗೂ ಕೇಳಿಸಿತು ಎಂದು ಅವರಿಗೆ ಹೇಳಲಿಲ್ಲ.

ಮೊದಲ ದೊಡ್ಡ ಮಳೆಗೇ ಆ ತೊಲೆ ಬಿತ್ತು. ಆಗ ಮನೆ ಖಾಲಿಯಿತ್ತು. ಉಳಿದದ್ದನ್ನು ಕೊಂಡವರು ಕೆಡವಿದರು.

ಕಾಕು ಕಿತ್ತೂರಿಗೆ ಹೋದರು. ಹೆದ್ದಾರಿಯ ಹತ್ತಿರದ ಹೊಸ ಮನೆ, ಕೋಣೆ ಕೋಣೆಗೆ ದೊಡ್ಡ ಬೆಳಕು. ನಾನು ಆಗಾಗ ಹೋಗಿ ಬರುತ್ತಿದ್ದೆ. ಕೊಟ್ಟ ನೀರು, ಚಹ ಯಾರದು ಎಂದು ನೋಡದೆ ಕುಡಿಯುತ್ತಿದ್ದರು. ನನ್ನ ಶಾಲೆ, ನನ್ನ ಮಕ್ಕಳ ಸುದ್ದಿ ಎಲ್ಲ ಕೇಳುತ್ತಿದ್ದರು. ಆ ಹಳೆಯ ಮನೆಯ ಸುದ್ದಿ ಮಾತ್ರ ಒಮ್ಮೆಯೂ ಎತ್ತಲಿಲ್ಲ. ಅವರ ಕಿವಿ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಹೋದ ಶ್ರಾವಣದಲ್ಲಿ ಕಾಕು ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ತಂಗಿಯ ಮಗಳು ಚಹ ಕೊಟ್ಟು ಪಕ್ಕದಲ್ಲಿ ಕುಳಿತಳು. ಕೊನೆಯ ದಿನಗಳಲ್ಲಿ ದೊಡ್ಡಮ್ಮ ನಿಮ್ಮನ್ನೇ ನೆನೆಸುತ್ತಿದ್ದರು ಎಂದು ಹೇಳಿ, ಕಣ್ಣು ಒರೆಸಿಕೊಂಡು, ಅವರ ದನಿಯಲ್ಲೇ ಅವರ ಮಾತು ಆಡಿ ತೋರಿಸಿದಳು:

"ಅವತ್ತ ನನಗೇನೂ ಕೇಳಿಸಲಿಲ್ಲ. ದಿನಾ ಕೇಳಿದೆ, ಒಂದು ದಿನಾನೂ ಆಕಿ ಮಾತಾಡಲಿಲ್ಲ. ಮಾಡದಾಗ ಹಣಿಕಿ ನೋಡಿದ್ರ ಆ ಹುಡುಗಿ ಸುಳ್ಳು ಹೇಳಲಾರದ ಸೆರಗು ಕಚ್ಚಿಕೊಂಡು ಕುಂತಿತ್ತು. ಅದರ ಸಂಕಟ ನೋಡಲಾರದ ನಾನಽ ಹೇಳಿದೆ, ನಿಮ್ಮವ್ವ ಹೂಂ ಅಂದ್ಳು ಅಂತ."

ಹೇಳಿ ಮುಗಿಸಿ ಅವಳು ಅಳುತ್ತಲೇ ನಕ್ಕಳು. ನಾನೂ ನಗಬೇಕಾಗಿತ್ತು. ನನಗೋಸ್ಕರ ಕಾಕು ಒಂದು ಸುಳ್ಳು ಹೇಳಿ ಮನೆ ಬಿಟ್ಟುಕೊಟ್ಟಿದ್ದರು. ಈ ಋಣ ನಾನು ಬದುಕಿರುವವರೆಗೂ ತೀರುವುದಿಲ್ಲ. ಆದರೆ ಚಹದ ಬಸಿ ಕೆಳಗಿಟ್ಟೆ. ಅಷ್ಟು ವರ್ಷ ದಿನಾ ಕಿವಿಗೊಟ್ಟು ಕಾದವರಿಗೆ ಏನೂ ಕೇಳಿಸಿರಲಿಲ್ಲ. ಆ ಹೂಂ ಕೇಳಿದವಳು ನಾನೊಬ್ಬಳೇ.