ತೊಟ್ಟಿಲಿನ ಗುಂಡುಕಲ್ಲು

ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಮೊಮ್ಮಗಳು ಒಂದು ಮ್ಯೂಸಿಯಂ ಕಟ್ಟಿಸುತ್ತಿದ್ದಾಳೆ ಎಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದುಂಟೇ? ಕಟ್ಟಿಸುವುದು ಎಂದರೆ ಪೂರ್ತಿ ಹೊಸದಾಗಿ ಅಲ್ಲ. ಮೂಡಿಗೆರೆಯಲ್ಲಿ ನಮ್ಮ ಸೀಮೆಯ ಹಳೆಯ ಸಾಮಾನುಗಳನ್ನು ಇಟ್ಟಿದ್ದ ಎರಡು ಕೋಣೆಯ ಕಟ್ಟಡವಿತ್ತು. ಅದರ ಹೆಂಚು ಬದಲಿಸಿ, ಹಿಂದುಗಡೆ ಒಂದು ದೊಡ್ಡ ಹಾಲ್ ಸೇರಿಸಿ, ಎಲ್ಲವನ್ನೂ ಓರಣವಾಗಿ ಜೋಡಿಸುವ ಕೆಲಸವನ್ನು ಅವಳಿಗೆ ಒಪ್ಪಿಸಿದ್ದರು. ಗೋಣಿಬೀಡಿನ ಬಸ್ಸಿನಲ್ಲಿ ಪಕ್ಕದಲ್ಲಿ ಯಾರು ಕೂತರೂ ಈ ಸುದ್ದಿ ಹೇಳದೆ ನಾನು ಬಿಡುತ್ತಿರಲಿಲ್ಲ. ಕಂಡಕ್ಟರನಿಗೆ ಎರಡು ಸಲ ಹೇಳಿದ್ದೇನೆ.

ಉದ್ಘಾಟನೆಗೆ ನಾಲ್ಕು ದಿನ ಇರುವಾಗ ಅವಳ ಫೋನು ಬಂತು.

"ಅಜ್ಜಿ, ಒಂಚೂರು ಬರ್ತೀಯಾ? ಬಡಗಿ ಆಚಾರ್ರು ಹೊಸ ಹಾಲ್ ಒಳಗೆ ಕಾಲಿಡಲ್ಲ ಅಂತ ಕೂತಿದಾರೆ."

"ಯಾಕಂತೆ?"

"ಅಲ್ಲಿ ನೇತುಹಾಕಿರೋ ಹಳೇ ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಂತೆ. ನೀನು ಹೇಳಿದ್ರೆ ಕೇಳ್ತಾರೇನೋ."

ಸಾಮಾನುಗಳ ಮುಂದೆ ಗಾಜು ಕೂರಿಸದೆ ಹಾಲ್ ತೆರೆಯುವಂತಿರಲಿಲ್ಲ. ಹೇಳಿದ ದಿನ ತೆರೆಯದಿದ್ದರೆ, ಈ ಹುಡುಗಿಯ ಕೈಲಿ ಆಗುವುದಿಲ್ಲ ಎಂದು ಮೇಲಿನವರು ಇನ್ನೊಬ್ಬರನ್ನು ಅವಳ ಜಾಗಕ್ಕೆ ತರುತ್ತಾರೆ. ಇದನ್ನೂ ಅವಳು ಫೋನಿನಲ್ಲೇ ಹೇಳಿದಳು. ನಾನು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ.

ಹೋಗಿ ಇಳಿದಾಗ ಮಧ್ಯಾಹ್ನವಾಗಿದ್ದರೂ ಮಂಜು ಕರಗಿರಲಿಲ್ಲ. ಬಡಗಿ ಆಚಾರ್ರು ಹಳೆಯ ಕಟ್ಟಡದ ಜಗಲಿಯಲ್ಲಿ ಟೀ ಲೋಟ ಹಿಡಿದು ಕೂತಿದ್ದರು.

"ನಿಮ್ಮ ಮೊಮ್ಮಗಳು ಗಾಳಿ ಅಂತಾರೆ ಅಮ್ಮ. ಆ ಕಿಟಕಿ ಕೂರ್ಸಿದ್ದು ನಾನು. ನಾನು ಕೂರ್ಸಿದ ಕಿಟಕೀಲಿ ಗಾಳಿ ನುಗ್ಗಲ್ಲ."

"ಅಷ್ಟಷ್ಟು ದೊಡ್ಡ ಮರ ಕೊಯ್ಯೋರು, ಒಂದು ತೊಟ್ಟಿಲಿಗೆ ಹೆದರ್ತೀರಲ್ಲ ಮಾರಾಯ್ರೆ," ಎಂದಳು ಮೊಮ್ಮಗಳು.

"ಮರ ಒಂದ್ಸಲ ಮಲಗಿದ್ಮೇಲೆ ಅಲ್ಲಾಡಲ್ಲ ಮೇಡಂ."

ನಾನು ಒಳಗೆ ಹೋದೆ, ಮೊಮ್ಮಗಳು ಹಿಂದೆಯೇ ಬಂದಳು. ಏನು ಹೇಳಲಿ, ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಹಿಗ್ಗು. ಕೈಯಲ್ಲಿ ತಿರುಗಿಸಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಯಂತ್ರ, ಬಿದಿರಿನ ಬುಟ್ಟಿಗಳು, ಮಳೆಗೆ ತಲೆಮೇಲೆ ಹೊದೆಯುತ್ತಿದ್ದ ಗೊರಬು, ಹಿತ್ತಾಳೆಯ ಬೀಗಗಳು. ನಾವು ಅಟ್ಟಕ್ಕೆ ಎಸೆದು ಮರೆತದ್ದನ್ನೆಲ್ಲ ಅವಳು ಒರೆಸಿ, ದೇವರ ಕೋಣೆಯ ಹಾಗೆ ಜೋಡಿಸಿದ್ದಳು. ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದೆ.

ಹಾಲಿನ ಕೊನೆಯಲ್ಲಿ, ತೊಲೆಯಿಂದ ಇಳಿಬಿಟ್ಟ ಸರಪಳಿಗಳಲ್ಲಿ ಆ ತೊಟ್ಟಿಲು ತೂಗುತ್ತಿತ್ತು. ಸಂಸೆ ಕಡೆಯ ಒಂದು ಮನೆಯವರು ಯಾವಾಗಲೋ ಕೊಟ್ಟದ್ದಂತೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಫ್ಯಾನಿಗೆ ಇನ್ನೂ ವೈರು ಎಳೆದಿರಲಿಲ್ಲ. ಗಾಳಿಗೆ ಅಲ್ಲಾಡುವ ರೀತಿಯೇ ಬೇರೆ. ಇದು ಅರೆನಿದ್ದೆಯಲ್ಲಿರುವ ತಾಯಿ ತೂಗುವ ಹಾಗಿತ್ತು: ನಿಧಾನವಾಗುತ್ತಾ ಬಂದು, ಇನ್ನೇನು ನಿಂತಿತು ಎನ್ನುವಾಗ ಎಚ್ಚರವಾದಂತೆ ಮತ್ತೊಂದು ಜಗ್ಗು. ನಿಲ್ಲಿಸೋಣ ಎಂದು ಅಂಚಿಗೆ ಕೈಯಿಟ್ಟೆ. ಅದು ನನ್ನ ಕೈಯನ್ನೂ ಜೊತೆಗೆ ತೂಗಿತು.

ಒಳಗೆ ಇಣುಕಿದೆ. ಖಾಲಿ.

"ಇದ್ರೊಳಗೆ ಏನಿತ್ತು ಮಗಾ?"

"ಏನಿಲ್ಲ. ಹಳೇ ಸೀರೆ ಚೂರಲ್ಲಿ ಸುತ್ತಿದ್ದ ಒಂದು ಗುಂಡುಕಲ್ಲು. ಜಾಗ ಇಲ್ದೆ ಯಾರೋ ತುರುಕಿರ್ಬೇಕು ಅಂತ ಅಡುಗೆ ಸಾಮಾನಿನ ಕಡೆ ಇಟ್ಟೆ. ಸಾಮಾನಿನ ಪುಸ್ತಕದಲ್ಲಿ ಅದಕ್ಕೆ ಬೇರೆ ನಂಬರ್ ಕೊಟ್ಟಿದೀನಿ."

ನನಗೆ ಆಗ ಗೊತ್ತಾಯಿತು. ನಮ್ಮಲ್ಲಿ ಹೆಸರಿಡುವ ದಿನ ಮಗುವನ್ನು ಸೀದಾ ತೊಟ್ಟಿಲಿಗೆ ಹಾಕುವುದಿಲ್ಲ. ಮೊದಲು ಅರೆಯುವ ಗುಂಡುಕಲ್ಲಿಗೆ ನೀರು ಹಾಕಿ, ಬಟ್ಟೆ ಸುತ್ತಿ, ಮಗುವಿನ ಹಾಗೆ ಮಲಗಿಸುತ್ತೇವೆ. ಮಗು ಅದರ ನಂತರ. ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗಲೂ ಖಾಲಿ ಕಳಿಸುವುದಿಲ್ಲ, ಕಲ್ಲನ್ನು ಮಲಗಿಸಿಯೇ ಕಳಿಸುವುದು. ಸಂಸೆಯವರು ತಪ್ಪದೆ ಹಾಗೇ ಮಾಡಿದ್ದರು.

"ನೀನು ಮಲಗೋಕೆ ಮುಂಚೆ ನಿನ್ನ ತೊಟ್ಟಿಲಲ್ಲೂ ಒಂದು ಕಲ್ಲು ಮಲಗಿತ್ತು," ಎಂದೆ.

"ಹಂಗಾದ್ರೆ ನಾನು ಎರಡನೇದಾ?" ಎಂದು ನಕ್ಕಳು. ಆದರೆ ಓಡಿಹೋಗಿ ಕಲ್ಲನ್ನೂ ಸೀರೆಯ ಚೂರನ್ನೂ ತಂದಳು.

ತೆಂಗಿನಕಾಯಿ ಗಾತ್ರದ ಕಪ್ಪು ಕಲ್ಲು. ಬಟ್ಟೆ ಸುತ್ತಿ ತೋಳಲ್ಲಿ ಹಿಡಿದೆ. ಹಿಡಿದ ಮೇಲೆ ನೋಡಿಕೊಂಡರೆ, ನಾನು ನಿಂತಲ್ಲೇ ತೂಗಾಡುತ್ತಾ ಅದರ ಬೆನ್ನು ತಟ್ಟುತ್ತಿದ್ದೆ.

ಮಲಗಿಸುವುದಕ್ಕೆ ಇಬ್ಬರು ಹೆಂಗಸರು ಬೇಕು. ತೊಟ್ಟಿಲಿನ ಆಚೆಗೊಬ್ಬರು, ಈಚೆಗೊಬ್ಬರು ಕೂತು, ಒಬ್ಬರು ಮೇಲಿನಿಂದ ಕೊಟ್ಟದ್ದನ್ನು ಇನ್ನೊಬ್ಬರು ಕೆಳಗಿನಿಂದ ಹಿಂದಕ್ಕೆ ಕೊಡುತ್ತಾ ಮೂರು ಸುತ್ತು ದಾಟಿಸಬೇಕು. ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಅವಳು ಆಚೆ ಮಂಡಿಯೂರಿದಳು. ಕಲ್ಲನ್ನು ಮೊದಲು ಅವಳ ಕೈಗೆ ಕೊಟ್ಟು ನಾನು ಈಚೆ ಕೂತೆ. ಎರಡು ಸುತ್ತು ಸರಿಯಾಗಿ ಆಯಿತು. ಮೂರನೆಯ ಸುತ್ತಿನಲ್ಲಿ ಕಲ್ಲನ್ನು ತೊಟ್ಟಿಲಿನ ಕೆಳಗಿನಿಂದ ಅವಳ ಕೈಗೆ ಕೊಟ್ಟು ನನ್ನ ಕೈ ಹಿಂದಕ್ಕೆ ತೆಗೆದುಕೊಂಡೆ.

"ಬಿಡಜ್ಜಿ, ಹಿಡ್ಕೊಂಡಿದೀನಿ."

"ಬಿಟ್ಟಾಯ್ತಲ್ಲ."

"ಎಲ್ಲಿ ಬಿಟ್ಟೆ? ಎಳೀತಾ ಇದೀಯ."

ನನ್ನ ಎರಡು ಕೈಯೂ ನನ್ನ ಮಂಡಿಯ ಮೇಲಿದ್ದವು. ತೊಟ್ಟಿಲು ಅಡ್ಡವಿದ್ದುದರಿಂದ ಅವಳಿಗೆ ಕಾಣಲಿಲ್ಲ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೂ ನಾನು ಐದು ಹೆತ್ತವಳು. ತೊಟ್ಟಿಲಿನ ಕೆಳಗಿನ ಕತ್ತಲಿಗೆ ಬಗ್ಗಿ, "ಕೊಡವ್ವ. ಎಲ್ಲಿಗೂ ಒಯ್ಯಲ್ಲ, ಇಲ್ಲೇ ಮಲಗಿಸ್ತೀವಿ," ಎಂದೆ.

"ಹಾಂ, ಈಗ ಬಂತು," ಎಂದಳು ಮೊಮ್ಮಗಳು.

ಅವಳೇ ಅದನ್ನು ಒಳಗೆ ಮಲಗಿಸಿದಳು. ತೊಟ್ಟಿಲು ಒಂದು ಸಲ ಉದ್ದಕ್ಕೆ ತೂಗಿ, ನಿಂತಿತು.

ಆಚಾರ್ರು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ. "ಮಲಗ್ತಾ?" ಎಂದರು, ಬಲು ಮೆಲ್ಲಗೆ.

"ಮಲಗ್ತು."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಸುತ್ತಿಗೆಯ ತಲೆಗೆ ಬಟ್ಟೆ ಕಟ್ಟಿಕೊಂಡು, ಸದ್ದಾಗದ ಹಾಗೆ ಎರಡು ದಿನದಲ್ಲಿ ಅಷ್ಟೂ ಗಾಜು ಕೂರಿಸಿದರು. ಮೊಮ್ಮಗಳು ಪುಸ್ತಕದಲ್ಲಿ ಕಲ್ಲಿನ ನಂಬರು ಹೊಡೆದುಹಾಕಿ, ತೊಟ್ಟಿಲಿನ ನಂಬರಿಗೇ ಅದನ್ನೂ ಸೇರಿಸಿ ಬರೆದಳು.

ಹೇಳಿದ ದಿನವೇ ಹಾಲ್ ತೆರೆಯಿತು. ಬಂದವರೆಲ್ಲ ಅವಳನ್ನು ಹೊಗಳುವುದೇನು, ಕೈ ಕುಲುಕುವುದೇನು. ಅವಳನ್ನೇ ಇಲ್ಲಿಗೆ ಕಾಯಂ ಮಾಡುತ್ತೇವೆ ಎಂದು ಮೇಲಿನವರು ಎಲ್ಲರೆದುರು ಹೇಳಿದಾಗ ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಗುರುತಿಲ್ಲದವರನ್ನೂ ತಡೆದು "ನನ್ನ ಮೊಮ್ಮಗಳು" ಎಂದೆ.

ಜನ ಕರಗಿದ ಮೇಲೆ ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಅಜ್ಜಿ, ಆವತ್ತು ಕೆಳಗಡೆ ಕಲ್ಲು ಹಿಡ್ಕೊಂಡಿದ್ದು ನಿನ್ನ ಕೈಯೇ ತಾನೆ?"

"ಮತ್ತಿನ್ಯಾರ್ದು? ವಯಸ್ಸಾಯ್ತಲ್ಲ, ಬೆರಳು ಬೇಗ ಬಿಡಲ್ಲ," ಎಂದೆ.

ಹಾಲಿನ ಬೀಗದ ಕೈ ಇನ್ನು ಮುಂದೆ ಅವಳ ಹತ್ತಿರವೇ ಇರುತ್ತದೆ. ದಿನಾ ಬೆಳಗ್ಗೆ ಅಲ್ಲಿಗೆ ಮೊದಲು ಕಾಲಿಡುವವಳು ಅವಳೊಬ್ಬಳೇ.